ಹಿಮನಾಡಿನ ಪಶುಪಾಲಕರು

ಯೂರೋಪ್ ಖಂಡದ ಉತ್ತರದ ಅಂಚಿನಲ್ಲಿ ನಾರ್ವೆ, ಸ್ವೀಡನ್, ಫಿನ್‌ಲೆಂಡ್ ದೇಶಗಳ ಮೇಲ್ಭಾಗವನ್ನೂ ರಷ್ಯದ ಕೋಲಾ ಪರ್ಯಾಯದ್ವೀಪವನ್ನೂ ಒಳಗೊಂಡ ವಿಶಾಲವಾದ ಪ್ರದೇಶವೊಂದಿದೆ. ಅದರ ತುದಿಯ ಭಾಗದಲ್ಲಿ ಚಳಿಗಾಲದ ನಡುವೆ ಹಲವು ವಾರಗಳ ಕಾಲ ಸೂರ್ಯೋದಯವೇ ಆಗುವುದಿಲ್ಲ. ಬೇಸಿಗೆಯಲ್ಲಿ ನಡುರಾತ್ರಿಯಲ್ಲಿಯೂ ಸೂರ್ಯನು ಮುಳುಗುವುದಿಲ್ಲ. ನೇಗಿಲಿಗೆ ಒಗ್ಗದ ಈ ನೆಲದಲ್ಲಿ ಸಾಮಿ ಎಂಬ ಜನರು ಬಹು ಪ್ರಾಚೀನ ಕಾಲದಿಂದಲೂ ಬಾಳುತ್ತ ಬಂದಿದ್ದಾರೆ. ಹಳೆಯ ಪುಸ್ತಕಗಳು ಇವರನ್ನು ಲ್ಯಾಪರೆಂದು ಕರೆದಿವೆ. ಆ ಹೆಸರು ತಮಗೆ ಅವಮಾನಕರವೆಂದು ಅವರು ಭಾವಿಸುತ್ತಾರೆ. ಇವರಲ್ಲಿ ಮೀನುಗಾರರೂ ಉಂಟು, ನಗರವಾಸಿಗಳೂ ಉಂಟು. ಹಿಮಸಾರಂಗಗಳನ್ನು ಸಾಕುವವರು ಇಂದು ಸುಮಾರು ಹತ್ತರಲ್ಲೊಂದು ಪಾಲು ಮಾತ್ರ. ಆದರೂ ಸಾಮಿ ಜನರ ಭಾಷೆ, ಉಡುಗೆ, ಹಾಡು, ಬಂಧುತ್ವ ಇವೆಲ್ಲವೂ ಈ ವೃತ್ತಿಯ ಸುತ್ತ ಹೆಣೆದುಕೊಂಡಿವೆ.

ಹಿಮಸಾರಂಗವು ಜಿಂಕೆಯ ಕುಲಕ್ಕೆ ಸೇರಿದ ಪ್ರಾಣಿ. ಈ ಕುಲದಲ್ಲಿ ಹೆಣ್ಣಿಗೂ ಕವಲುಗೊಂಬುಗಳು ಮೂಡುವುದು ಇದರಲ್ಲಿ ಮಾತ್ರ. ಗಾಳಿ ತುಂಬಿದ ಕೂದಲಿನ ದಟ್ಟ ಹೊದಿಕೆಯು ಕಡು ಶೀತದಿಂದ ಅದನ್ನು ಕಾಪಾಡುತ್ತದೆ. ಅಗಲವಾದ ಗೊರಸುಗಳು ಮೃದುವಾದ ಹಿಮದಲ್ಲಿ ಕಾಲು ಹೂತುಹೋಗದಂತೆ ತಡೆಯುತ್ತವೆ. ಮೇವಿಗಾಗಿ ಹಿಮವನ್ನು ಅಗೆಯುವಾಗ ಅವೇ ಸಲಿಕೆಗಳಾಗುತ್ತವೆ. ಚಳಿಗಾಲದಲ್ಲಿ ಅದರ ಮುಖ್ಯ ಆಹಾರ ಹಿಮದಡಿಯಲ್ಲಿ ಬೆಳೆಯುವ ಕಲ್ಲುಹೂವು. ಕನ್ನಡ ನಾಡಿನಲ್ಲಿ ಮಸಾಲೆಗೆ ಬಳಸುವ ಕಲ್ಲುಹೂವಿನ ದೂರದ ಬಂಧುವಾದ ಇದು ವರ್ಷಕ್ಕೆ ಕೆಲವೇ ಮಿಲಿಮೀಟರುಗಳಷ್ಟು ಬೆಳೆಯುತ್ತದೆ. ಒಮ್ಮೆ ಚೆನ್ನಾಗಿ ಮೇದ ನೆಲವು ಚೇತರಿಸಿಕೊಳ್ಳಲು ಹಲವು ವರ್ಷಗಳೇ ಬೇಕು. ಆದುದರಿಂದ ಮಂದೆಯು ಒಂದೆಡೆ ನಿಲ್ಲುವಂತಿಲ್ಲ. ಹಿಮಸಾರಂಗಕ್ಕೆ ಕೊಟ್ಟಿಗೆ ಬೇಡ; ಅದಕ್ಕೆ ಬೇಕಾದುದು ದಾರಿ. ಈ ವೃತ್ತಿಯ ಚರಿತ್ರೆಯೆಲ್ಲವೂ ಆ ದಾರಿಯ ಚರಿತ್ರೆಯೇ ಆಗಿದೆ.

ನಾರ್ವೆಯ ಫಿನ್‌ಮಾರ್ಕ್ ಪ್ರಾಂತದಲ್ಲಿ ಮಂದೆಗಳು ಚಳಿಗಾಲವನ್ನು ಒಳನಾಡಿನ ಪ್ರಸ್ಥಭೂಮಿಯಲ್ಲಿ ಕಳೆಯುತ್ತವೆ. ಅಲ್ಲಿ ಹಿಮವು ಒಣಗಿದ್ದು ಹಗುರವಾಗಿರುತ್ತದೆ. ವಸಂತದಲ್ಲಿ ಅವು ಕಡಲ ತೀರಕ್ಕೆ ಹೊರಡುತ್ತವೆ. ಹಸುರು ಮೇವೂ ಸೊಳ್ಳೆಗಳನ್ನು ಅಟ್ಟುವ ಗಾಳಿಯೂ ಅಲ್ಲಿ ದೊರೆಯುತ್ತವೆ. ಸ್ವೀಡನ್ನಿನಲ್ಲಿ ಬೇಸಿಗೆಯ ನೆಲೆ ಪರ್ವತಗಳಲ್ಲಿ, ಚಳಿಗಾಲದ ನೆಲೆ ಪೂರ್ವದ ಕಾಡುಗಳಲ್ಲಿ. ಮೇ ತಿಂಗಳ ಸುಮಾರಿಗೆ ಮರಿಗಳು ಹುಟ್ಟುತ್ತವೆ. ಬೇಸಿಗೆಯಲ್ಲಿ ಅವುಗಳ ಕಿವಿಯನ್ನು ಒಡೆಯನ ಗುರುತಿಗೆ ತಕ್ಕಂತೆ ಕತ್ತರಿಸುತ್ತಾರೆ. ಒಟ್ಟಾಗಿ ಮಂದೆ ಕಾಯುವ ಕುಟುಂಬಗಳ ಕೂಟಕ್ಕೆ 'ಸೀಡಾ' ಎಂದು ಹೆಸರು. ಎಲ್ಲಿ ಮೇಯಿಸಬೇಕು, ಯಾವಾಗ ಹೊರಡಬೇಕು ಎಂಬುದನ್ನು ಅವರು ಕೂಡಿ ತೀರ್ಮಾನಿಸುತ್ತಾರೆ.

ಈ ಸಾಕಣೆಯ ಬಗೆಗೆ ದೊರೆತಿರುವ ಹಳೆಯ ಲಿಖಿತ ದಾಖಲೆಗಳಲ್ಲೊಂದು ಕ್ರಿ. ಶ. ಒಂಬತ್ತನೆಯ ಶತಮಾನದ ಕೊನೆಯದು. ಉತ್ತರ ನಾರ್ವೆಯ ಓತರ್ ಎಂಬ ಶ್ರೀಮಂತನು ಇಂಗ್ಲೆಂಡಿನ ದೊರೆ ಆಲ್ಫ್ರೆಡನಿಗೆ ತನ್ನ ಬಳಿ ಆರುನೂರು ಪಳಗಿದ ಹಿಮಸಾರಂಗಗಳಿವೆಯೆಂದು ತಿಳಿಸಿದನು. ಅವುಗಳಲ್ಲಿ ಆರು, ಕಾಡಿನ ಹಿಮಸಾರಂಗಗಳನ್ನು ಸೆಳೆದು ಹಿಡಿಯಲು ಬಳಸುವ ದೀಮದ ಪ್ರಾಣಿಗಳಾಗಿದ್ದುವು. ಆ ಕಾಲದಲ್ಲಿ ಸಾಮಿ ಜನರು ಮುಖ್ಯವಾಗಿ ಬೇಟೆಗಾರರಾಗಿದ್ದರು. ಬಂಡಿ ಎಳೆಯಲು, ಹಾಲು ಕರೆಯಲು ಕೆಲವೇ ಪ್ರಾಣಿಗಳನ್ನು ಸಾಕುತ್ತಿದ್ದರು. ಕಾಡಿನ ಹಿಂಡುಗಳು ಕ್ಷೀಣಿಸಿದಂತೆ, ಹದಿನಾರು ಮತ್ತು ಹದಿನೇಳನೆಯ ಶತಮಾನಗಳ ವೇಳೆಗೆ, ದೊಡ್ಡ ಮಂದೆಗಳನ್ನು ಸಾಕಿ ಅವುಗಳೊಡನೆ ವಲಸೆ ಹೋಗುವ ಪದ್ಧತಿಯು ನೆಲೆಗೊಂಡಿತು.

ಆಗ ಈ ನಾಡಿನಲ್ಲಿ ನಿಶ್ಚಿತವಾದ ಗಡಿಗಳಿರಲಿಲ್ಲ. 1751ರಲ್ಲಿ ಸ್ವೀಡನ್ನಿಗೂ ಡೆನ್ಮಾರ್ಕ್-ನಾರ್ವೆಗೂ ನಡುವೆ ಗಡಿಯನ್ನು ಗುರುತಿಸಿದಾಗ ಒಪ್ಪಂದಕ್ಕೆ ವಿಶೇಷವಾದ ಅನುಬಂಧವೊಂದನ್ನು ಸೇರಿಸಲಾಯಿತು. ಹಳೆಯ ರೂಢಿಯಂತೆ ವಸಂತ ಮತ್ತು ಶರತ್ಕಾಲಗಳಲ್ಲಿ ಮಂದೆಗಳೊಡನೆ ಗಡಿ ದಾಟುವ ಹಕ್ಕನ್ನು ಅದು ಸಾಮಿ ಜನರಿಗೆ ನೀಡಿತು. ಆದರೆ ಈ ಔದಾರ್ಯವು ಎಲ್ಲೆಡೆಯೂ ಉಳಿಯಲಿಲ್ಲ. 1852ರಲ್ಲಿ ರಷ್ಯವು ತನ್ನ ಅಧೀನದಲ್ಲಿದ್ದ ಫಿನ್‌ಲೆಂಡಿಗೂ ನಾರ್ವೆಗೂ ನಡುವಣ ಗಡಿಯನ್ನು ಮಂದೆಗಳಿಗೆ ಮುಚ್ಚಿತು. 1889ರಲ್ಲಿ ಫಿನ್‌ಲೆಂಡ್-ಸ್ವೀಡನ್ ಗಡಿಯೂ ಮುಚ್ಚಿತು. 1919ರಲ್ಲಿ ನಾರ್ವೆ ಮತ್ತು ಸ್ವೀಡನ್ ಮಾಡಿಕೊಂಡ ಒಡಂಬಡಿಕೆಯು ಗಡಿ ದಾಟಬಹುದಾದ ಹಿಮಸಾರಂಗಗಳ ಸಂಖ್ಯೆಯನ್ನು ಕುಗ್ಗಿಸಿತು; ಸ್ವೀಡನ್ನಿನ ಉತ್ತರದ ಹಲವು ಕುಟುಂಬಗಳನ್ನು ಬಲವಂತದಿಂದ ದಕ್ಷಿಣಕ್ಕೆ ಸಾಗಿಸಲಾಯಿತು. ಭೂಪಟದ ಮೇಲೆ ಎಳೆದ ಒಂದು ಗೆರೆಯು ಹಿಂಡುಗಳ ದಾರಿಯನ್ನು ತುಂಡರಿಸಿತು.

1960ರ ದಶಕದಲ್ಲಿ ಹಿಮದ ಮೇಲೆ ಓಡುವ ಸ್ನೋಮೊಬೈಲ್ ಎಂಬ ಯಂತ್ರವಾಹನವು ಬಂದಿತು. ಅನೇಕ ದಿನಗಳ ಕೆಲಸವು ಕೆಲವು ಗಂಟೆಗಳಲ್ಲಿ ಮುಗಿಯತೊಡಗಿತು. ಆದರೆ ಯಂತ್ರಕ್ಕೂ ಅದರ ಇಂಧನಕ್ಕೂ ಹಣ ಬೇಕು. ಹಣಕ್ಕಾಗಿ ಹೆಚ್ಚು ಮಾಂಸವನ್ನು ಮಾರಬೇಕು. ಅದಕ್ಕಾಗಿ ಮಂದೆಯು ದೊಡ್ಡದಾಗಬೇಕು. ಮಂದೆಯು ಹಿಗ್ಗಿದರೆ ಕಲ್ಲುಹೂವಿನ ನೆಲವು ಸವೆಯುತ್ತದೆ. ಆದ ಕಾರಣ ಸರ್ಕಾರಗಳು ಮಂದೆಯ ಗಾತ್ರಕ್ಕೆ ಮಿತಿ ಹಾಕಿವೆ. ನಾರ್ವೆ, ಸ್ವೀಡನ್, ಫಿನ್‌ಲೆಂಡ್ ಈ ಮೂರೂ ದೇಶಗಳಲ್ಲಿ ಇಂದು ತಲಾ ಎರಡು ಲಕ್ಷಕ್ಕಿಂತ ಬಹಳ ಹೆಚ್ಚೂ ಬಹಳ ಕಡಿಮೆಯೂ ಅಲ್ಲದಷ್ಟು ಹಿಮಸಾರಂಗಗಳಿವೆ. ಮಾಂಸದ ಮಾರಾಟವೊಂದರಿಂದಲೇ ಜೀವನ ಸಾಗದ ಅನೇಕ ಮನೆಗಳಲ್ಲಿ ಗಂಡನೋ ಹೆಂಡತಿಯೋ ಬೇರೊಂದು ಉದ್ಯೋಗದಲ್ಲಿರುತ್ತಾರೆ.

ದೂರದಲ್ಲಿ ನಡೆದ ಅನಾಹುತವೂ ಈ ಜನರನ್ನು ತಟ್ಟದೆ ಬಿಡಲಿಲ್ಲ. 1986ರ ಏಪ್ರಿಲ್‌ನಲ್ಲಿ ಚೆರ್ನೋಬಿಲ್ ಅಣುಸ್ಥಾವರವು ಸ್ಫೋಟಗೊಂಡಾಗ ಗಾಳಿಯಲ್ಲಿ ಬಂದ ವಿಕಿರಣಶೀಲ ಸೀಸಿಯಮ್ ಮಳೆಯೊಡನೆ ನೆಲಕ್ಕಿಳಿಯಿತು. ಬೇರಿಲ್ಲದೆ ಗಾಳಿ ಮಳೆಗಳಿಂದಲೇ ಆಹಾರ ಪಡೆಯುವ ಕಲ್ಲುಹೂವು ಅದನ್ನು ಹೀರಿಕೊಂಡಿತು. ಅದನ್ನು ಮೇದ ಪ್ರಾಣಿಗಳ ಮಾಂಸವು ಕಲುಷಿತವಾಯಿತು. ಸಹಸ್ರಾರು ಹಿಮಸಾರಂಗಗಳ ಮಾಂಸವನ್ನು ಎಸೆಯಬೇಕಾಯಿತು.

ಇಂದಿನ ಸಂಕಟವು ಮತ್ತೊಂದು ಬಗೆಯದು. ನಾರ್ವೆಯ ಫೋಸೆನ್ ಪ್ರದೇಶದಲ್ಲಿ, ಮಂದೆಗಳ ಚಳಿಗಾಲದ ಮೇವುಮಾಳದಲ್ಲಿ, ವಿದ್ಯುತ್ತಿಗಾಗಿ 151 ಗಾಳಿಯಂತ್ರಗಳನ್ನು ನಿಲ್ಲಿಸಲಾಯಿತು. ಎತ್ತರದ ಆ ಯಂತ್ರಗಳಿಗೆ ಹೆದರಿ ಹಿಮಸಾರಂಗಗಳು ದೂರ ಸರಿಯುತ್ತವೆಂದು ಪಾಲಕರು ನ್ಯಾಯಾಲಯಕ್ಕೆ ಹೋದರು. ಪರವಾನಗಿಗಳು ಸಾಮಿ ಜನರ ಸಾಂಸ್ಕೃತಿಕ ಹಕ್ಕಿಗೆ ವಿರುದ್ಧವಾದುದರಿಂದ ಅವು ಅಸಿಂಧುವೆಂದು 2021ರ ಅಕ್ಟೋಬರ್‌ನಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಯಂತ್ರಗಳು ಮಾತ್ರ ತಿರುಗುತ್ತಲೇ ಇದ್ದುವು. 2023ರಲ್ಲಿ ಸಾಮಿ ತರುಣರು ರಾಜಧಾನಿ ಆಸ್ಲೋದಲ್ಲಿ ಪ್ರತಿಭಟಿಸಿದರು. ಆ ವರ್ಷದ ಡಿಸೆಂಬರ್‌ನಲ್ಲಿಯೂ 2024ರ ಮಾರ್ಚ್‌ನಲ್ಲಿಯೂ ರಾಜಿ ಒಪ್ಪಂದಗಳಾದುವು. ಇಂಗಾಲದ ಹೊಗೆಯಿಂದ ಭೂಮಿಯನ್ನು ಉಳಿಸಲು ಹೂಡಿದ ಉಪಾಯವೇ, ಆ ಹೊಗೆಗೆ ಅತಿ ಕಡಮೆ ಕಾರಣರಾದವರ ನೆಲವನ್ನು ಕೇಳಿತು.

ಭೂಮಿಯ ತಾಪ ಏರುತ್ತಿರುವುದರ ಪೆಟ್ಟೂ ಮೊದಲು ಬೀಳುವುದು ಇವರ ಮೇಲೆಯೇ. ಚಳಿಗಾಲದ ನಡುವೆ ಮಳೆ ಬಿದ್ದು ಮತ್ತೆ ಹೆಪ್ಪುಗಟ್ಟಿದರೆ ಮೇವಿನ ಮೇಲೆ ಮಂಜುಗಡ್ಡೆಯ ಹೊದಿಕೆ ಕಟ್ಟಿಕೊಳ್ಳುತ್ತದೆ. ಗೊರಸಿನಿಂದ ಅದನ್ನು ಒಡೆಯಲಾಗದು. ಪಶ್ಚಿಮ ಸೈಬೀರಿಯದ ಯಮಾಲ್ ಪರ್ಯಾಯದ್ವೀಪದಲ್ಲಿ ನೆನೆತ್ಸ್ ಎಂಬ ಪಶುಪಾಲಕರಿದ್ದಾರೆ. ಅಲ್ಲಿ 2013ರ ನವೆಂಬರ್‌ನಲ್ಲಿ ಬಿದ್ದ ಇಂತಹ ಮಳೆಯ ನಂತರ, ಆ ಚಳಿಗಾಲದಲ್ಲಿ ಸುಮಾರು 61,000 ಹಿಮಸಾರಂಗಗಳು ಹಸಿವಿನಿಂದ ಸತ್ತುವು. ಇಂತಹ ವರ್ಷಗಳಲ್ಲಿ ಹಿಂದಿನವರು ಮಂದೆಯನ್ನು ಮತ್ತೊಂದು ಮಾಳಕ್ಕೆ ನಡೆಸುತ್ತಿದ್ದರು. ಇಂದು ಆ ಮತ್ತೊಂದು ಮಾಳದಲ್ಲಿ ಗಣಿಯೋ ರಸ್ತೆಯೋ ಅಣೆಕಟ್ಟೋ ಇದ್ದರೆ, ಮೇವನ್ನು ಕೊಂಡು ತಂದು ಹಾಕಬೇಕಾಗುತ್ತದೆ. ಅದರ ವೆಚ್ಚವು ವರ್ಷದ ಗಳಿಕೆಯನ್ನೇ ನುಂಗಿಬಿಡಬಹುದು.

ಹಾಗಾದರೆ ಈ ವೃತ್ತಿಯು ಉಳಿದೀತೇ? ಬೇಟೆಯಿಂದ ಸಾಕಣೆಗೆ, ಬಂಡಿಯಿಂದ ಯಂತ್ರಕ್ಕೆ ಇದು ತನ್ನ ರೂಪವನ್ನು ಬದಲಿಸಿಕೊಳ್ಳುತ್ತಲೇ ಬಂದಿದೆ. ಶೀತವನ್ನೂ ಕತ್ತಲೆಯನ್ನೂ ಅದು ಎಂದೂ ಶತ್ರುವೆಂದು ಎಣಿಸಿದುದಿಲ್ಲ. ಆದರೆ ಬದಲಾಗಲು ಎಡೆ ಬೇಕು. ಒಂದು ನೆಲೆ ಕೆಟ್ಟಾಗ ಇನ್ನೊಂದಕ್ಕೆ ಹೋಗುವ ಸ್ವಾತಂತ್ರ್ಯ ಬೇಕು. 1989ರಲ್ಲಿ ನಾರ್ವೆಯಲ್ಲಿಯೂ ಆ ಬಳಿಕ ಸ್ವೀಡನ್, ಫಿನ್‌ಲೆಂಡ್‌ಗಳಲ್ಲಿಯೂ ಸ್ಥಾಪಿತವಾದ ಸಾಮಿ ಸಂಸತ್ತುಗಳು ಕೇಳುತ್ತಿರುವುದು ಮುಖ್ಯವಾಗಿ ಇದನ್ನೇ. ಖಾಲಿಯಂತೆ ಕಾಣುವ ಹಿಮದ ಬಯಲು ಖಾಲಿಯಲ್ಲ. ಮುಂದಿನ ವರ್ಷ ಮಂದೆಯು ಬಂದು ಮೇಯುವುದಕ್ಕಾಗಿ ಬಿಟ್ಟ ನೆಲ ಅದು. ಆಳುವವರು ಇದನ್ನು ಅರಿತು ನಡೆದರೆ ಹಿಮನಾಡಿನ ಮಂದೆಗಳಿಗೆ ಇನ್ನೂ ಬಹುಕಾಲ ದಾರಿಯಿರುವುದು.