ಮುಕ್ತಿ ಬಾವುಟಕ್ಕೆ ಕೂಗುವವರು ಕೊಳ್ಳುವುದೇನು?

ಹಿರಿಯೂರಿನ ತೇರುಮಲ್ಲೇಶ್ವರ ಜಾತ್ರೆಯಲ್ಲೂ ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆಯಲ್ಲೂ ತೇರು ಹೊರಡುವ ಮುನ್ನ ಮುಕ್ತಿ ಬಾವುಟದ ಹರಾಜು ನಡೆಯುತ್ತದೆ. ಕೂಗು ಲಕ್ಷಗಳಲ್ಲಿ ಏರುತ್ತದೆ. ಅದು ಮುಗಿದ ಮೇಲೆಯೇ ಭಕ್ತರು ತೇರೆಳೆಯುವ ಹಗ್ಗಕ್ಕೆ, ಅಂದರೆ ಮಿಣಿಗೆ, ಕೈ ಹಾಕುವುದು. ಮುಕ್ತಿಗೂ ಬೆಲೆ ಕಟ್ಟುವುದುಂಟೇ ಎಂದು ವಿಚಾರವಂತರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. 1517ರಲ್ಲಿ ಜರ್ಮನಿಯ ಮಾರ್ಟಿನ್ ಲೂಥರ್ ಪಾಪದ ಶಿಕ್ಷೆಗೆ ಮಾಫಿ ಪತ್ರ ಮಾರುವುದನ್ನು ವಿರೋಧಿಸಿದ್ದು ಇಂಥದೇ ಕಾರಣಕ್ಕೆ. ಆದರೆ ಅಲ್ಲಿ ಹಣ ಕೊಟ್ಟವನ ಕೈಗೆ ಭರವಸೆಯ ಪತ್ರ ಸಿಗುತ್ತಿತ್ತು. ಇಲ್ಲಿ ಸಿಗುವುದು ಬಾವುಟ. ಇಂಥವರಿಗೆ ಮುಕ್ತಿ ಆಯಿತೆಂದು ಯಾರೂ ಬರೆದುಕೊಡುವುದಿಲ್ಲ.

ಹಾಗಾದರೆ ಕೂಗಿನಲ್ಲಿ ನಡೆಯುವುದೇನು? ಆಕ್ಸ್‌ಫರ್ಡಿನ ತತ್ವಜ್ಞಾನಿ ಜೆ.ಎಲ್. ಆಸ್ಟಿನ್ 1955ರಲ್ಲಿ ಹಾರ್ವರ್ಡ್‌ನಲ್ಲಿ ಕೊಟ್ಟ ಉಪನ್ಯಾಸಗಳು 1962ರಲ್ಲಿ ಪುಸ್ತಕವಾದವು. ಕೆಲವು ಮಾತು ಸುದ್ದಿ ತಿಳಿಸುವುದಿಲ್ಲ, ಆಡಿದೊಡನೆ ಕೆಲಸವೇ ಆಗಿಹೋಗುತ್ತದೆ ಎಂಬುದು ಅವರ ವಾದ. ‘ಹತ್ತು ಲಕ್ಷ’ ಎಂದು ಕೂಗಿದವರನ್ನು ನಿಜವೋ ಸುಳ್ಳೋ ಎಂದು ಕೇಳಲಾಗದು. ಕೂಗಿದರು, ಮಾತಿಗೆ ಸಿಕ್ಕಿಬಿದ್ದರು. ಮೂರನೇ ಸಾರಿ ಎಂದಾದ ಮೇಲೆ ಹಿಂದೆ ಸರಿಯುವಂತಿಲ್ಲ. ನನ್ನ ಪ್ರಕಾರ ಇದು ಖರೀದಿಯಲ್ಲ, ಊರೆಲ್ಲ ನೋಡುತ್ತಿರುವಾಗ ದೇವರಿಗೆ ಕೊಟ್ಟ ಮಾತು. ಹಾಗೆಂದರೆ ಮುಕ್ತಿ ಎಂಬುದು ಬರೀ ಅಲಂಕಾರವೇ ಎಂದು ಭಕ್ತರು ಕೇಳಬಹುದು. ಅಲ್ಲ. ಸಂದರ್ಭ ಸರಿಯಿಲ್ಲದಿದ್ದರೆ ಮಾತು ಕೆಲಸ ಮಾಡದು ಎಂದೂ ಆಸ್ಟಿನ್ ಹೇಳಿದ್ದಾರೆ. ಅದೇ ಬಟ್ಟೆಗೆ ಸಂತೆಯಲ್ಲಿ ಹತ್ತು ಲಕ್ಷ ಕೂಗುವವರಿಲ್ಲ. ತೇರಿನ ಮುಂದೆ ಕೂಗುತ್ತಾರೆಂದರೆ ದೇವರಿದ್ದಾನೆ ಎಂಬ ನಂಬಿಕೆ ಅದರ ಬುಡದಲ್ಲೇ ಇದೆ. ಧರ್ಮದ ಮಾತಿಗೆ ಸತ್ಯಾಸತ್ಯದ ಗೊಡವೆಯೇ ಇಲ್ಲವೆನ್ನುವ ತತ್ವಜ್ಞಾನಿಗಳನ್ನು ನಾನು ಒಪ್ಪದಿರುವುದು ಇದಕ್ಕೇ.

ಇನ್ನೊಂದು ಆಕ್ಷೇಪ ಇದಕ್ಕಿಂತ ಭಾರ. ಮಿಣಿ ಹಿಡಿದು ಎಳೆಯುವ ಕೂಲಿಕಾರನಿಗೆ ಬಾವುಟ ಎಂದಿಗೂ ಎಟುಕದು. ಅದೂ ಕೆರೆ ಕಟ್ಟಿಸಿ, ‘ಮಾಡಿದಷ್ಟು ನೀಡು ಭಿಕ್ಷೆ’ ಎಂದು ದುಡಿಮೆಯನ್ನೇ ಅಳತೆಗೋಲು ಮಾಡಿದ ತಿಪ್ಪೇರುದ್ರಸ್ವಾಮಿಗಳ ಸನ್ನಿಧಿಯಲ್ಲಿ! ಇದಕ್ಕೆ ನನ್ನಲ್ಲಿರುವುದು ಅರ್ಧ ಉತ್ತರ ಮಾತ್ರ. ಕೊಟ್ಟ ಮಾತು ಕೊಟ್ಟವನ ಮೇಲಿನ ಹೊರೆ, ಹಕ್ಕಲ್ಲ. ಬಾವುಟ ಹಿಡಿದ ಫೋಟೊವನ್ನು ಚುನಾವಣೆಯ ಫ್ಲೆಕ್ಸಿಗೆ ಏರಿಸಿದವರು ಮಾತನ್ನು ಮತ್ತೆ ಸರಕಾಗಿಸಿದಂತೆ. ಉಳಿದರ್ಧ ಹಣದ ದಾರಿಯಲ್ಲಿದೆ: ಹೋದ ವರ್ಷದ ಹರಾಜಿನ ಹಣ ಯಾವ ಕೆಲಸಕ್ಕೆ ಹೋಯಿತು, ಯಾರ ಕೂಲಿಗೆ ಎಷ್ಟು ಸಂದಿತು ಎಂಬುದನ್ನು ಈ ವರ್ಷದ ಹರಾಜಿಗೆ ಮೊದಲು ಅದೇ ಮೈಕಿನಲ್ಲಿ ಓದಬೇಕು.