ಖಾಲಿಯಾಗಲೆಂದೇ ಕಟ್ಟಿದ ಹುಲಿಮನೆ

2022ರ ಜುಲೈ 11ರಂದು ಉತ್ತರ ಬಂಗಾಳದ ಜಲ್ದಾಪಾರ ಕಾಡಿನ ಮಗ್ಗುಲಲ್ಲಿರುವ ದಕ್ಷಿಣ ಖಯೇರ್‌ಬಾರಿ ರಕ್ಷಣಾ ಕೇಂದ್ರದಲ್ಲಿ ‘ರಾಜಾ’ ಎಂಬ ಹುಲಿ ಸತ್ತಿತು. ವಯಸ್ಸು 25 ವರ್ಷ 10 ತಿಂಗಳು ಎಂದು ಪತ್ರಿಕೆಗಳು ಬರೆದವು. ಕಾಡಿನಲ್ಲಿ ಹುಟ್ಟಿದ ಹುಲಿಯ ತಿಂಗಳ ಲೆಕ್ಕ ಇಟ್ಟವರು ಯಾರೋ! ಅದೇನೇ ಇರಲಿ, ಇಪ್ಪತ್ತು ದಾಟುವ ಹುಲಿಯೇ ಅಪರೂಪ.

ರಾಜಾ ಸುಂದರಬನದ ಹುಲಿ. 2008ರಲ್ಲಿ ಮಾತ್ಲಾ ನದಿ ದಾಟುವಾಗ ಮೊಸಳೆಯ ಬಾಯಿಗೆ ಸಿಕ್ಕಿ ಜೀವ ಉಳಿಸಿಕೊಂಡಿತು, ಹಿಂಗಾಲು ಉಳಿಯಲಿಲ್ಲ. ಕೆಸರು ಮತ್ತು ಉಪ್ಪುನೀರಿನ ಆ ನಾಡಿನಲ್ಲಿ ಮೂರು ಕಾಲಿನ ಹುಲಿ ಬೇಟೆಯಾಡಿ ಬದುಕುವುದು ಸಾಧ್ಯವಿರಲಿಲ್ಲ. ರಾಜ್ಯದ ಆ ತುದಿಯಿಂದ ಈ ತುದಿಗೆ, ಹಿಮಾಲಯದ ತಪ್ಪಲಿಗೆ ತಂದರು. ಗಾಯ ಮಾಯಿತು, ಕುಂಟುತ್ತಲೇ ಸುಮಾರು ಹದಿನಾಲ್ಕು ವರ್ಷ ಬಾಳಿತು. ಸತ್ತಾಗ ಅಧಿಕಾರಿಗಳು ಹೂವಿಟ್ಟು ನಮಿಸಿದರು, ದೇಶದ ಪತ್ರಿಕೆಗಳೆಲ್ಲ ಫೋಟೊ ಹಾಕಿದವು.

ಹೀಗೆ ಬಂದ ರಾಜಾ ಹೋಗಿ ಸೇರಿದ್ದು ಸರ್ಕಸ್ ಹುಲಿಗಳ ನಡುವೆ. ಅಲ್ಲಿದ್ದ ಉಳಿದ ಹುಲಿಗಳು ಊರೂರು ತಿರುಗಿ, ಬೆಂಕಿಯ ಬಳೆ ಹಾರಿ, ಸ್ಟೂಲಿನ ಮೇಲೆ ಕೂತು, ಮೂರು ಹೊತ್ತಿನ ಷೋಗಳಲ್ಲಿ ಜನರಿಂದ ಚಪ್ಪಾಳೆ ಹೊಡೆಸಿಕೊಂಡವು. ಅವುಗಳ ಹೆಸರು ಇಂದು ಯಾರಿಗೆ ನೆನಪಿದೆ? ಗೇಟಿನಲ್ಲಿ ಟಿಕೆಟ್ ಹರಿದವರಿಗೂ ಇಲ್ಲ, ಹರಿಸಿಕೊಂಡ ನಮಗೂ ಇಲ್ಲ.

ಸರ್ಕಸ್ ಬಿಟ್ಟ ಹುಲಿಗಳ ಇಂಥ ಮನೆಗಳು ಹುಟ್ಟಿದ್ದು ಒಂದು ಜಗಳದಿಂದ, ಅದರ ಬೇರು ಡೇರೆಯಲ್ಲಿದೆ. 1880ರಲ್ಲಿ ವಿಷ್ಣುಪಂತ ಛತ್ರೆ ಮುಂಬೈಯಲ್ಲಿ ಮೊದಲ ಭಾರತೀಯ ಸರ್ಕಸ್ ಕಟ್ಟಿದರು. ಕೇರಳದ ತಲಶ್ಶೇರಿಯಲ್ಲಿ ಕೀಲೇರಿ ಕುಞ್ಞಿಕಣ್ಣನ್ ತೆರೆದ ಗರಡಿಯಿಂದ ಆಟಗಾರರು ದೇಶದ ಡೇರೆಗಳಿಗೆಲ್ಲ ಹರಡಿದರು. ಅಲ್ಲಿಂದ ಒಂದು ಶತಮಾನ ಹುಲಿ ಇಲ್ಲದ ಸರ್ಕಸ್ಸಿಗೆ ಜನ ಬರುತ್ತಿರಲಿಲ್ಲ ಎಂದರೆ ಸಾಕು.

1991ರಲ್ಲಿ ಕೇಂದ್ರ ಸರ್ಕಾರ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಒಂದು ಪಟ್ಟಿ ಹೊರಡಿಸಿತು: ಕರಡಿ, ಕೋತಿ, ಹುಲಿ, ಚಿರತೆ, ನಾಯಿ ಇವನ್ನು ಆಟಕ್ಕೆ ಪಳಗಿಸುವಂತಿಲ್ಲ. ಸರ್ಕಸ್ ಮಾಲೀಕರು ದೆಹಲಿ ಹೈಕೋರ್ಟಿನ ಮೆಟ್ಟಿಲು ಹತ್ತಿದರು. ಸಮಿತಿ ಕೂತಿತು, ವರದಿ ಬಂತು, 1998ರ ಅಕ್ಟೋಬರಿನಲ್ಲಿ ಹೊಸ ಪಟ್ಟಿ ಬಂತು. ಸಿಂಹ ಇತ್ತು, ನಾಯಿ ಇರಲಿಲ್ಲ. ಆನೆಯ ಗೊಡವೆಗೆ ಯಾರೂ ಹೋಗಲಿಲ್ಲ, ಅದು ಇನ್ನೂ ಎಷ್ಟೋ ವರ್ಷ ಡೇರೆಯಲ್ಲೇ ಉಳಿಯಿತು.

ಮಾಲೀಕರು ಮತ್ತೆ ಕೋರ್ಟಿಗೆ ಹೋದರು, ಈ ಸಲ ಕೇರಳ ಹೈಕೋರ್ಟಿಗೆ. ಇದು ನಮ್ಮ ಕಸುಬು, ಸಂವಿಧಾನ ಕೊಟ್ಟ ಹಕ್ಕು ಎಂದು ವಾದಿಸಿದರು. ಸರ್ಕಸ್ಸಿನ ತವರೂರಲ್ಲೇ ಸರ್ಕಸ್ಸಿಗೆ ನ್ಯಾಯ ಸಿಗಬಹುದೆಂದು ನಂಬಿದ್ದರೇನೋ. 2000ದ ಜೂನ್‌ನಲ್ಲಿ ಬಂದ ತೀರ್ಪು ಅವರ ಪಾಲಿಗೆ ಸಿಡಿಲು. ಇಕ್ಕಟ್ಟಿನ ಬೋನು, ಹಸಿವು, ಹೆದರಿಕೆ ಇವನ್ನೆಲ್ಲ ಎತ್ತಿ ಹೇಳಿದ ನ್ಯಾಯಾಲಯ, ಪ್ರಾಣಿಗೂ ಮರ್ಯಾದೆಯ ಬದುಕಿದೆ ಎಂದಿತು. 2001ರ ಮೇ 1ರಂದು ಸುಪ್ರೀಂ ಕೋರ್ಟ್ ಎನ್.ಆರ್. ನಾಯರ್ ಹೆಸರಿನ ಈ ಪ್ರಕರಣದಲ್ಲಿ ಆ ತೀರ್ಪನ್ನೇ ಎತ್ತಿಹಿಡಿಯಿತು.

ಜಗಳ ಅಲ್ಲಿಗೇ ನಿಲ್ಲಲಿಲ್ಲ. 2011ರಲ್ಲಿ ಅದೇ ಪಟ್ಟಿಗೆ ‘ಹೋರಿ’ಯನ್ನೂ ಸೇರಿಸಿದರು. 2014ರಲ್ಲಿ ಜಲ್ಲಿಕಟ್ಟು ನಿಂತಿತು, ಬೆನ್ನಿಗೇ ಕರಾವಳಿಯ ಕಂಬಳಕ್ಕೂ ತಡೆ ಬಿತ್ತು. 2017ರಲ್ಲಿ ಕರ್ನಾಟಕ ಕಾಯ್ದೆಗೆ ತಂದ ತಿದ್ದುಪಡಿಯಿಂದ ಕಂಬಳ ಉಳಿದುಕೊಂಡಿತು, 2023ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿಗೆಯನ್ನೂ ಕೊಟ್ಟಿತು. ಕೋಣಕ್ಕೆ ಕೆಸರುಗದ್ದೆ ಮರಳಿ ಸಿಕ್ಕಿತು, ಹುಲಿ ಡೇರೆಗೆ ಮರಳಲಿಲ್ಲ. ಕಂಬಳದ ಬೆನ್ನಿಗೆ ಒಂದು ಇಡೀ ಊರಿತ್ತು, ಸರ್ಕಸ್ಸಿಗೆ ಇದ್ದದ್ದು ಡೇರೆ ಎತ್ತುವ ದಿನ ಮಾತ್ರ.

ಸರ್ಕಸ್ಸಿನ ಕತೆಗೆ ಮರಳಿದರೆ, 2001ರ ತೀರ್ಪಿನ ಮರುದಿನ ಎದ್ದ ಪ್ರಶ್ನೆ: ಬೋನಿನ ಬಾಗಿಲು ತೆಗೆದರೆ ಹುಲಿ ಎಲ್ಲಿಗೆ ಹೋಗಬೇಕು? ಬೇಟೆ ಗೊತ್ತಿಲ್ಲ, ಮನುಷ್ಯನೆಂದರೆ ಭಯವಿಲ್ಲ, ತಳಿ ಯಾವುದೆಂಬ ದಾಖಲೆಯೂ ಇಲ್ಲ. ಸಿಂಹಗಳಲ್ಲಂತೂ ಆಫ್ರಿಕಾ ಮತ್ತು ಏಷ್ಯಾದ ರಕ್ತ ಬೆರೆತಿತ್ತು. ಕೇಂದ್ರ ಮೃಗಾಲಯ ಪ್ರಾಧಿಕಾರ ಜೈಪುರ, ಭೋಪಾಲ, ಚೆನ್ನೈ, ವಿಶಾಖಪಟ್ಟಣ, ತಿರುಪತಿ ಮತ್ತು ನಮ್ಮ ಬನ್ನೇರುಘಟ್ಟಗಳಲ್ಲಿ ಇವಕ್ಕೆ ಜಾಗ ಮಾಡಿತು. ಒಂದು ಷರತ್ತು: ಮರಿ ಹುಟ್ಟಬಾರದು. ಇದ್ದಷ್ಟು ದಿನ ಉಣ್ಣಿಸುವುದು, ಔಷಧ ಕೊಡುವುದು, ಕೊನೆಯದು ಸತ್ತ ದಿನ ಕೆಲಸ ಮುಗಿಯಿತು.

ಅಗಲ ಬಯಲು ಕೊಟ್ಟರೂ ಇಂಥ ಪ್ರಾಣಿಗಳಲ್ಲಿ ಎಷ್ಟೋ ಹಳೆಯ ಬೋನಿನಷ್ಟೇ ಉದ್ದಕ್ಕೆ ಹೋಗಿ ತಿರುಗಿ ಬರುತ್ತವೆ. ನಾಲ್ಕು ಹೆಜ್ಜೆ, ತಿರುವು, ಮತ್ತೆ ನಾಲ್ಕು ಹೆಜ್ಜೆ. ಅಡ್ಡಿಗೆ ಏನೂ ಇರುವುದಿಲ್ಲ.

ಸರ್ಕಸ್ಸಿನಿಂದ ಆಗ ಬಂದ ಹುಲಿಗಳು ಇಂದು ಬದುಕಿರಲಾರವು. ಖಯೇರ್‌ಬಾರಿಯಲ್ಲಿ ಈಗ ಚಿರತೆಗಳದ್ದೇ ಕಾರುಬಾರು. ಲೆಕ್ಕದ ಪ್ರಕಾರ ಹುಲಿಮನೆಗಳಿಗೆ ಬೀಗ ಬಿದ್ದಿರಬೇಕಿತ್ತು. ಆದರೆ ಮೈಸೂರು ಮೃಗಾಲಯದ ಕೂರ್ಗಳ್ಳಿ ಕೇಂದ್ರಕ್ಕೆ ಬಂಡೀಪುರ, ನಾಗರಹೊಳೆ ಅಂಚಿನ ಊರುಗಳಲ್ಲಿ ದನ ಹಿಡಿದ, ಮನುಷ್ಯರ ಮೇಲೆ ಬಿದ್ದ ಹುಲಿಗಳು ಅರಿವಳಿಕೆ ಚುಚ್ಚಿಸಿಕೊಂಡು ಬರುತ್ತಲೇ ಇವೆ. ಇವು ಡೇರೆ ಕಂಡವಲ್ಲ, ಕಾಡಿನವು. ಮೊದಲು ಬಂದವಕ್ಕೆ ವಾಪಸು ಹೋಗಲು ಕಾಡು ಗೊತ್ತಿರಲಿಲ್ಲ, ಇವಕ್ಕೆ ಗೊತ್ತಿದ್ದರೂ ಅನುಮತಿ ಇಲ್ಲ. ಹೊಸ ಆವರಣ ಬೇಕು, ಇರುವ ಜಾಗ ಸಾಲದು ಎಂಬ ಮಾತು ಈಗಾಗಲೇ ಶುರುವಾಗಿದೆ.