ಹೆಸರು ಮುಗಿದ ಮೇಲೆ ಶುರುವಾಗುವ ಅಕ್ಷರಗಳು

'ಸರ್ ಎಂ.ವಿ.' ಎಂದರೆ ಯಾರೆಂದು ಕರ್ನಾಟಕದ ಮಕ್ಕಳಿಗೂ ಗೊತ್ತು. ಆದರೆ ಆ 'ಸರ್' ಯಾವ ದಾರಿಯಲ್ಲಿ ಬಂತು? ಉತ್ತರ ಇರುವುದು ಅವರ ಹೆಸರಿನ ಹಿಂದೆ ಬರೆಯುತ್ತಿದ್ದ ನಾಲ್ಕು ಅಕ್ಷರಗಳಲ್ಲಿ: ಕೆ.ಸಿ.ಐ.ಇ. 1911ರಲ್ಲಿ ವಿಶ್ವೇಶ್ವರಯ್ಯನವರಿಗೆ ಮೊದಲು ಸಿಕ್ಕದ್ದು ಬರೀ ಸಿ.ಐ.ಇ. ಅದು 'ಇಂಡಿಯನ್ ಎಂಪೈರ್' ಎಂಬ ಗೌರವಶ್ರೇಣಿಯ ಕೆಳಮೆಟ್ಟಿಲು. ಅದರ ಜೊತೆಗೆ 'ಸರ್' ಬರುವುದಿಲ್ಲ. 1915ರಲ್ಲಿ, ಮೈಸೂರಿನ ದಿವಾನರಾಗಿದ್ದಾಗ, ಅವರು ಅದೇ ಶ್ರೇಣಿಯ ನೈಟ್ ಕಮಾಂಡರ್ ಆದರು. 'ಕೆ' ಸೇರಿತು, 'ಸರ್' ಬಂತು, ಹಳೆಯ ಸಿ.ಐ.ಇ. ಬಿದ್ದುಹೋಯಿತು. ಒಂದೇ ಶ್ರೇಣಿಯಲ್ಲಿ ಮೇಲೇರಿದವರು ಕೆಳಗಿನ ಅಕ್ಷರಗಳನ್ನು ಬಿಟ್ಟುಬಿಡಬೇಕು ಎಂಬುದು ಬ್ರಿಟಿಷರ ಕಟ್ಟುನಿಟ್ಟಿನ ಕ್ರಮ.

ಈ ಅಕ್ಷರಗಳನ್ನು ಬಿರುದುಬಾವಲಿಯೆಂದು ತಳ್ಳಿಹಾಕುವುದು ಸುಲಭ. ಓದಲು ಕಲಿತರೆ ಮಾತ್ರ ಅವು ಬಾಯಿಬಿಡುತ್ತವೆ. ಪ್ರತಿಯೊಂದಕ್ಕೂ ಕೇಳಬೇಕಾದ ಪ್ರಶ್ನೆ ಒಂದೇ: ಕೊಟ್ಟವರು ಯಾರು? ಅರಮನೆಯೇ, ವಿಶ್ವವಿದ್ಯಾಲಯವೇ, ಅದೇ ವೃತ್ತಿಯ ಹಿರಿಯರೇ? ಸಾಲಿನ ಕ್ರಮವೂ ಇದನ್ನೇ ಅನುಸರಿಸುತ್ತದೆ. ದೊರೆ ಕೊಟ್ಟ ಗೌರವ ಮೊದಲು, ಆಮೇಲೆ ದೊರೆಯ ನೇಮಕಗಳು, ಅನಂತರ ಪದವಿಗಳು, ವೃತ್ತಿಸಂಸ್ಥೆಗಳ ಸದಸ್ಯತ್ವಗಳು. ಸಂಸತ್ ಸದಸ್ಯರ ಎಂ.ಪಿ. ಬರುವುದು ಇವೆಲ್ಲ ಮುಗಿದ ಮೇಲೆ.

ಸಾಲಿನ ತಲೆಯಲ್ಲಿ ನಿಲ್ಲುವುದು ಯಾವುದು ಎಂಬುದೇ ನನಗೆ ಈ ಇಡೀ ಪದ್ಧತಿಯಲ್ಲಿ ಹೆಚ್ಚು ಇಷ್ಟವಾದ ಸಂಗತಿ. 1348ರಷ್ಟು ಹಳೆಯದಾದ, ರಾಜಮನೆತನದವರೂ ಮಾಜಿ ಪ್ರಧಾನಿಗಳೂ ಧರಿಸುವ 'ಗಾರ್ಟರ್' ಶ್ರೇಣಿಯ ಕೆ.ಜಿ. ಅಲ್ಲ. ಅದಕ್ಕಿಂತ ಮುಂದೆ ವಿ.ಸಿ. ಇದೆ. 1856ರಲ್ಲಿ ಸ್ಥಾಪನೆಯಾದ ವಿಕ್ಟೋರಿಯಾ ಕ್ರಾಸ್ ಸಾಮಾನ್ಯ ಸಿಪಾಯಿಗೂ ಸೇನಾಧಿಪತಿಗೂ ಒಂದೇ. ಭಾರತೀಯ ಸೈನಿಕರಿಗೆ ಅದರ ಬಾಗಿಲು ತೆರೆಯಲು 1911 ಆಗಬೇಕಾಯಿತು. ಮೂರೇ ವರ್ಷಗಳಲ್ಲಿ, ಬೆಲ್ಜಿಯಂನ ಯುದ್ಧಭೂಮಿಯಲ್ಲಿ ಮೆಷಿನ್‌ಗನ್ ಬಿಡದೆ ಹೋರಾಡಿದ ಸಿಪಾಯಿ ಖುದಾದಾದ್ ಖಾನ್ ಅದನ್ನು ಗಳಿಸಿದ. ಅಕ್ಷರಗಳ ಸಾಲಿನಲ್ಲಾದರೂ ಆ ಸಿಪಾಯಿಯ ವಿ.ಸಿ. ಡ್ಯೂಕುಗಳ ಕೆ.ಜಿ.ಗಿಂತ ಮೇಲು.

'ಸರ್' ಇದ್ದ ಮಾತ್ರಕ್ಕೆ ಹಿಂದೆ ಅಕ್ಷರ ಇರಲೇಬೇಕೆಂದಿಲ್ಲ. 1929ರಲ್ಲಿ ಸಿ.ವಿ. ರಾಮನ್ ಅವರಿಗೆ ಸಿಕ್ಕದ್ದು ಯಾವ ಶ್ರೇಣಿಗೂ ಸೇರದ ನೈಟ್ ಪದವಿ. ಹೆಸರಿನ ಹಿಂದೆ ಸಾಮಾನ್ಯವಾಗಿ ಅದರ ಗುರುತು ಉಳಿಯುವುದಿಲ್ಲ. ತಿರುಗುಮುರುಗಾಗಿಯೂ ಆಗುತ್ತದೆ. ರತನ್ ಟಾಟಾ ಅವರಿಗೆ 'ಬ್ರಿಟಿಷ್ ಎಂಪೈರ್' ಶ್ರೇಣಿಯ ಕೆ.ಬಿ.ಇ. 2009ರಲ್ಲಿ, ಜಿ.ಬಿ.ಇ. 2014ರಲ್ಲಿ ದೊರೆತವು. ಆದರೆ ಬ್ರಿಟನ್ನಿನ ದೊರೆಯನ್ನು ತಮ್ಮ ರಾಷ್ಟ್ರದ ಮುಖ್ಯಸ್ಥರೆಂದು ಒಪ್ಪದ ದೇಶದ ಪ್ರಜೆಗೆ ಅದು ಗೌರವಾರ್ಥ ಮಾತ್ರ, 'ಸರ್' ಸಲ್ಲುವುದಿಲ್ಲ. ಒ.ಎಂ. ಇನ್ನೂ ವಿಶಿಷ್ಟ. 1902ರಲ್ಲಿ ಏಳನೆಯ ಎಡ್ವರ್ಡ್ ಸ್ಥಾಪಿಸಿದ ಈ 'ಆರ್ಡರ್ ಆಫ್ ಮೆರಿಟ್'ನಲ್ಲಿ ಒಮ್ಮೆಗೆ 24 ಜನರಿಗಷ್ಟೇ ಜಾಗ. 'ಸರ್' ಇಲ್ಲ, ಎರಡೇ ಅಕ್ಷರ. ಹಿಂದೆ ಮೈಸೂರಿನಲ್ಲಿ ತತ್ವಶಾಸ್ತ್ರ ಕಲಿಸಿದ್ದ ರಾಧಾಕೃಷ್ಣನ್ ಅವರಿಗೆ ರಾಷ್ಟ್ರಪತಿಯಾಗಿದ್ದಾಗ, 1963ರಲ್ಲಿ, ಅದರ ಗೌರವ ಸದಸ್ಯತ್ವ ಸಂದಿತು.

ಆದರೂ ನನ್ನ ಮಟ್ಟಿಗೆ ಎಲ್ಲಕ್ಕಿಂತ ತೂಕದ ಅಕ್ಷರಗಳು ಎಫ್.ಆರ್.ಎಸ್. ಇದನ್ನು ಅರಮನೆ ದಯಪಾಲಿಸುವುದಲ್ಲ. 1660ರಲ್ಲಿ ಹುಟ್ಟಿದ ರಾಯಲ್ ಸೊಸೈಟಿಯ ವಿಜ್ಞಾನಿಗಳು ತಮ್ಮ ಸಮಾನರನ್ನು ತಾವೇ ಚುನಾಯಿಸುತ್ತಾರೆ. 1918ರಲ್ಲಿ ಶ್ರೀನಿವಾಸ ರಾಮಾನುಜನ್ ಆಯ್ಕೆಯಾದಾಗ ಅವರಿಗೆ ಮೂವತ್ತು ವರ್ಷ. ಕುಂಭಕೋಣದ ಕಾಲೇಜಿನಲ್ಲಿ ಫೇಲಾಗಿ, ಮದ್ರಾಸ್ ಬಂದರಿನ ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿದ್ದವರು ಅವರು. ರಾಮನ್ 1924ರಲ್ಲಿ ಆಯ್ಕೆಯಾದರು. ಬೆಂಗಳೂರಿನಲ್ಲಿದ್ದ ಅವರೇ 1968ರಲ್ಲಿ ಸೊಸೈಟಿಗೆ ರಾಜೀನಾಮೆ ಕೊಟ್ಟು ಆ ಮೂರು ಅಕ್ಷರಗಳನ್ನು ಬಿಟ್ಟರು.

ನಮ್ಮ ಊರುಗಳಿಗೆ ಈ ಪದ್ಧತಿ ಹತ್ತಿರವಾದದ್ದು ಡಾಕ್ಟರರ ಬೋರ್ಡುಗಳಿಂದ. ಎಫ್.ಆರ್.ಸಿ.ಎಸ್., ಎಂ.ಆರ್.ಸಿ.ಪಿ. ಎಂದರೆ ವಿಶ್ವವಿದ್ಯಾಲಯದ ಪದವಿಗಳಲ್ಲ, ಶಸ್ತ್ರವೈದ್ಯರ ಮತ್ತು ವೈದ್ಯರ ರಾಯಲ್ ಕಾಲೇಜುಗಳ ಪರೀಕ್ಷೆ ಗೆದ್ದ ಗುರುತು. ಬ್ರಿಟನ್ನಿನಲ್ಲಿ ಅಂಥ ಶಸ್ತ್ರವೈದ್ಯರು 'ಡಾಕ್ಟರ್' ಬಿಟ್ಟು 'ಮಿಸ್ಟರ್' ಎಂದೇ ಕರೆಸಿಕೊಳ್ಳುತ್ತಾರೆ. ಇದರ ಪಕ್ಕದಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ಎಂ.ಎ. ಇಟ್ಟು ನೋಡಿ. ಅಲ್ಲಿ ಬಿ.ಎ. ಪಡೆದವರು ಕೆಲವು ವರ್ಷ ಕಾದರೆ ಬೇರೆ ಪರೀಕ್ಷೆಯಿಲ್ಲದೆ ಎಂ.ಎ. ಆಗುತ್ತಾರೆ. ಹಗಲಿರುಳು ಓದಿ ಎಂ.ಎ. ಗಳಿಸಿದ ಬೇರೆಡೆಯ ವಿದ್ಯಾರ್ಥಿಗಳಿಗೆ ಇದು ಅನ್ಯಾಯವೆಂದೇ ನನಗೆ ಅನಿಸುತ್ತದೆ.

ಕೊಟ್ಟದ್ದನ್ನು ಕಿತ್ತುಕೊಳ್ಳುವುದೂ ಉಂಟು. ಕಂಪ್ಯೂಟರ್ ತಪ್ಪು ಲೆಕ್ಕ ತೋರಿಸಿದ್ದಕ್ಕೆ ನೂರಾರು ನಿರಪರಾಧಿ ಪೋಸ್ಟ್‌ಮಾಸ್ತರರು ಕಳ್ಳರೆಂಬ ಪಟ್ಟ ಹೊತ್ತ ಹಗರಣದಲ್ಲಿ, ಬ್ರಿಟಿಷ್ ಅಂಚೆ ಕಚೇರಿಯ ಮಾಜಿ ಮುಖ್ಯಸ್ಥೆ ಪೌಲಾ ವೆನೆಲ್ಸ್ 2024ರಲ್ಲಿ ಸಿ.ಬಿ.ಇ. ಕಳೆದುಕೊಂಡರು.

ಸ್ವತಂತ್ರ ಭಾರತ ಬೇರೆಯೇ ದಾರಿ ಹಿಡಿಯಿತು. ಸಂವಿಧಾನದ 18ನೆಯ ವಿಧಿ ಬಿರುದುಗಳನ್ನು ರದ್ದುಮಾಡಿತು. ಭಾರತರತ್ನ, ಪದ್ಮ ಪ್ರಶಸ್ತಿಗಳನ್ನು ಹೆಸರಿನ ಹಿಂದೆಮುಂದೆ ಬಳಸಬಾರದೆಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. ಬ್ರಿಟನ್ ಮಾತ್ರ ಇಂದಿಗೂ ವರ್ಷಕ್ಕೆರಡು ಬಾರಿ, ಹೊಸವರ್ಷಕ್ಕೆ ಮತ್ತು ದೊರೆಯ ಅಧಿಕೃತ ಹುಟ್ಟುಹಬ್ಬಕ್ಕೆ, ಎಂ.ಬಿ.ಇ., ಒ.ಬಿ.ಇ., ಸಿ.ಬಿ.ಇ.ಗಳನ್ನು ಹಂಚುತ್ತದೆ. ಮೂರರಲ್ಲೂ ಕೊನೆಯ 'ಇ' ಎಂದರೆ ಎಂಪೈರ್, ಈಗ ಇಲ್ಲದ ಸಾಮ್ರಾಜ್ಯ. ಕವಿ ಬೆಂಜಮಿನ್ ಜೆಫನಾಯಾ 2003ರಲ್ಲಿ ಒ.ಬಿ.ಇ. ನಿರಾಕರಿಸಿದ್ದು ಇದೇ ಕಾರಣಕ್ಕೆ. ಆ ಹೆಸರಿನಲ್ಲಿ ಅವರಿಗೆ ಕಂಡದ್ದು ಗುಲಾಮಗಿರಿಯ ನೆನಪು. ಅವರು ಮಾಡಿದ್ದು ಸರಿಯೆಂದೇ ನನ್ನ ನಂಬಿಕೆ. ಮರುವರ್ಷ ಬ್ರಿಟಿಷ್ ಸಂಸತ್ತಿನ ಸಮಿತಿಯೊಂದು 'ಎಂಪೈರ್' ಬದಲು 'ಎಕ್ಸಲೆನ್ಸ್' ಇಡೋಣವೆಂದು ಶಿಫಾರಸು ಮಾಡಿತು. ಒಂದಕ್ಷರವೂ ಬದಲಾಗಬೇಕಿರಲಿಲ್ಲ. ಸರ್ಕಾರ ಅದನ್ನೂ ಜಾರಿಗೆ ತರಲಿಲ್ಲ.